ಏಳುನೂರು ಅಡಿಯ ಮೋಡ

ನಾನು ಪೈಲಟ್ ಎಂದು ಗೊತ್ತಾದ ಕೂಡಲೇ ಮದುವೆ ಮನೆಗಳಲ್ಲಿ ಜನ ಕೇಳುವುದು ಅವೇ ಪ್ರಶ್ನೆಗಳು. ಹೆದರಿಕೆ ಆಗಲ್ವಾ? ಊಟ ಎಲ್ಲಿ ಮಾಡ್ತೀರ? ಮೋಡದೊಳಗೆ ಹೋದರೆ ಹೇಗಿರುತ್ತೆ? ಮೊದಲೆರಡಕ್ಕೆ ನಕ್ಕು ಸುಮ್ಮನಾಗುತ್ತೇನೆ. ಮೋಡದ ಪ್ರಶ್ನೆಗೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಮೋಡದೊಳಗೆ ಏನೂ ಇರುವುದಿಲ್ಲ, ಸುಣ್ಣ ಹೊಡೆದ ಗೋಡೆಗೆ ಮೂಗು ಒತ್ತಿ ಕೂತ ಹಾಗಿರುತ್ತದೆ, ಅಷ್ಟೇ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಮೋಡದ ತಳ ನೆಲದಿಂದ ಎಷ್ಟು ಎತ್ತರದಲ್ಲಿದೆ ಎನ್ನುವುದು. ಬನಶಂಕರಿಯ ಎಷ್ಟೋ ಕಲ್ಯಾಣ ಮಂಟಪಗಳಲ್ಲಿ ಉಂಡಿದ್ದೇನೆ, ಒಬ್ಬರೂ ಅದನ್ನು ಕೇಳಿಲ್ಲ. ಕೇಳಿದ್ದರೆ ಎಲೆಯ ಮೇಲಿನ ಹೋಳಿಗೆ ಬಿಟ್ಟು ಉತ್ತರ ಹೇಳುತ್ತಿದ್ದೆ.

ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ನನ್ನ ಬದುಕು ಯಾವ ಕಡೆ ತಿರುಗಬೇಕು ಎಂದು ನಿಶ್ಚಯವಾದದ್ದು ಒಂದು ಮೋಡದ ಎತ್ತರದಿಂದ.

ವಿಮಾನ ಓಡಿಸುವವರಿಗೆ ಮೋಡ ಎಂದರೆ ಸೂರು. ಮನೆಯ ಸೂರು ತಗ್ಗಿದ್ದರೆ ತಲೆ ಬಗ್ಗಿಸಿ ಓಡಾಡಬಹುದು. ಆಕಾಶದಲ್ಲಿ ತಲೆ ಬಗ್ಗಿಸುವುದು ಎಂದರೆ ನೆಲಕ್ಕೆ ಹತ್ತಿರ ಹಾರುವುದು, ಮತ್ತು ನೆಲದ ಹತ್ತಿರ ಬೆಟ್ಟವಿರುತ್ತದೆ, ಮೊಬೈಲ್ ಟವರ್ ಇರುತ್ತದೆ, ಕರೆಂಟಿನ ತಂತಿ ಇರುತ್ತದೆ. ಸಣ್ಣ ವಿಮಾನ ಕಲಿಯುವವರು ಕಣ್ಣನ್ನು ನಂಬಿಯೇ ಹಾರಿಸಬೇಕು. ಕೆಳಗೆ ನೆಲ ಕಾಣಬೇಕು, ಮುಂದೆ ದಿಗಂತ ಕಾಣಬೇಕು. ಮೋಡ ಹೊಕ್ಕ ಕ್ಷಣ ಎರಡೂ ಮಾಯವಾಗುತ್ತವೆ. ವಿಮಾನ ಒಂದು ಪಕ್ಕಕ್ಕೆ ವಾಲಿದ್ದರೂ ನಮ್ಮ ಮೈ ಅದನ್ನು ನೆಟ್ಟಗಿದೆ ಎಂದೇ ಹೇಳುತ್ತದೆ. ಮೈಯ ಮಾತು ಕೇಳಿದವರು ನೆಲಕ್ಕೆ ಬಿದ್ದಿದ್ದಾರೆ. ಈಗ ನಾನು ಹಾರಿಸುವ ದೊಡ್ಡ ವಿಮಾನ ಉಪಕರಣಗಳನ್ನು ನೋಡಿಕೊಂಡು ಮೋಡದೊಳಗೆ ಸಲೀಸಾಗಿ ಹೋಗುತ್ತದೆ, ನಿಜ. ಆದರೆ ಅದೂ ಕೊನೆಗೆ ಇಳಿಯಲೇಬೇಕಲ್ಲ. ಇಳಿಯುವಾಗ ಇಂತಿಷ್ಟು ಎತ್ತರಕ್ಕೆ ಬರುವ ಹೊತ್ತಿಗೆ ರನ್‌ವೇ ಕಣ್ಣಿಗೆ ಬೀಳಬೇಕು. ಎಷ್ಟೋ ಕಡೆ ಅದು ಇನ್ನೂರು ಅಡಿ. ಬೀಳದಿದ್ದರೆ ಮರುಮಾತಿಲ್ಲದೆ ಮತ್ತೆ ಮೇಲಕ್ಕೆ. ಹಿಂದೆ ಕೂತವರು ಪೈಲಟ್‌ಗೆ ಇಳಿಸೋಕೆ ಬರಲ್ಲ ಎಂದು ಗೊಣಗುತ್ತಾರೆ. ಗೊಣಗಲಿ, ಗೊಣಗುವುದಕ್ಕೆ ಜೀವ ಇರಬೇಕಲ್ಲ.

ಇನ್ನೊಂದು ವಿಷಯ ಹೇಳಿದರೆ ಪಾಠ ಮುಗಿಯಿತು. ಹವಾಮಾನ ನೋಡುವವರು ಆಕಾಶವನ್ನು ಎಂಟು ಪಾಲು ಮಾಡುತ್ತಾರೆ. ಐದು ಪಾಲು ಅಥವಾ ಅದಕ್ಕಿಂತ ಹೆಚ್ಚು ಮುಚ್ಚಿದ್ದರೆ ಅದು ಸೂರು. ನಾಲ್ಕೋ ಅದಕ್ಕಿಂತ ಕಡಿಮೆಯೋ ಆದರೆ ಚದುರಿದ ಮೋಡ, ಅದನ್ನು ಸೂರು ಎನ್ನುವುದಿಲ್ಲ. ನಾನು ಕಲಿಯುತ್ತಿದ್ದಲ್ಲಿ ಸೂರು ಒಂದೂವರೆ ಸಾವಿರ ಅಡಿಗಿಂತ ಕೆಳಗಿದ್ದರೆ ನಮ್ಮಂಥವರ ವಿಮಾನ ನೆಲ ಬಿಡುವಂತಿರಲಿಲ್ಲ. ಈ ಐದಕ್ಕೂ ನಾಲ್ಕಕ್ಕೂ ನಡುವೆ ಇರುವ ಒಂದೇ ಒಂದು ಪಾಲು ನನ್ನನ್ನು ಒಂದು ಬೆಳಿಗ್ಗೆ ಹಣ್ಣುಗಾಯಿ ನೀರುಗಾಯಿ ಮಾಡಿತು.

ನಮ್ಮದು ಬೆಂಗಳೂರಿನ ದಕ್ಷಿಣ ತುದಿಯ ವಸಂತಪುರ. ತಾತನ ಕಾಲಕ್ಕೆ ರಾಗಿ, ಹುರುಳಿ ಬೆಳೆಯುತ್ತಿದ್ದ ನೆಲ ಅಪ್ಪನ ಕಾಲಕ್ಕೆ ಸೈಟುಗಳಾಗಿ, ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಮೂರಂತಸ್ತಿನ ಬಾಡಿಗೆ ಮನೆಗಳಾಗಿತ್ತು. ಅಪ್ಪ ಉತ್ತರಹಳ್ಳಿ ರಸ್ತೆಯಲ್ಲಿ ಜಲ್ಲಿ, ಸಿಮೆಂಟು, ಕಬ್ಬಿಣ ಮಾರುತ್ತಾರೆ. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋದಳು. ಸಾಕಿದ್ದು ಅಪ್ಪನ ತಾಯಿ, ನನ್ನ ಅಜ್ಜಿ. ಮನೆಯಲ್ಲಿ ನಾವು ಮೂರೇ ಜನ, ಮತ್ತು ಮೂವರಿಗೂ ಮೂಗಿನ ತುದಿಯಲ್ಲೇ ಕೋಪ.

ಜಯನಗರದ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ನಾನು ಊರಿನ ಆ ತುದಿಯ ಹಾರಾಟದ ಶಾಲೆಗೆ ಸೇರಿದೆ. ಅಪ್ಪ ಅದನ್ನು ಹುಡುಗಾಟ ಎಂದುಕೊಂಡು ಬಿಟ್ಟರು. ಅಜ್ಜಿಗಂತೂ ಅದು ಡ್ರೈವಿಂಗ್ ಸ್ಕೂಲು. ಗೇರು ಎಷ್ಟಿದೆ ಎಂದು ಒಂದು ಸಲ ವಿಚಾರಿಸಿದ್ದಳು. ಖಾಸಗಿಯಾಗಿ ಹಾರಿಸುವ ಲೈಸೆನ್ಸು ಕೈಗೆ ಬಂದು, ಇನ್ನು ಮುಂದೆ ಇದನ್ನೇ ಕೆಲಸ ಮಾಡಿಕೊಳ್ಳಬೇಕು, ಪ್ರಯಾಣಿಕರ ವಿಮಾನದ ಲೈಸೆನ್ಸಿಗೆ ಓದಬೇಕು ಎಂದು ನಾನು ಬಾಯಿಬಿಟ್ಟ ದಿನವೇ ಮನೆಯ ಗಾಳಿ ಬದಲಾಯಿತು. ಅಪ್ಪ ಕೂಗಾಡಲಿಲ್ಲ. ಅರ್ಧ ಉಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೈ ತೊಳೆದರು. ಅವರ ಸಂಕಟ ನನಗೆ ಗೊತ್ತಿತ್ತು. ಹೆಂಡತಿ ಹೋದ ಮೇಲೆ ಉಳಿದದ್ದು ಒಬ್ಬ ಮಗಳು, ಅವಳೂ ದಿನಬೆಳಗಾದರೆ ಆಕಾಶದಲ್ಲಿ ಇರುತ್ತೇನೆ ಎನ್ನುತ್ತಿದ್ದಾಳೆ.

ಕೊನೆಗೆ ಒಂದು ಷರತ್ತು ಹಾಕಿದರು. ಒಂದು ಸಲ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಹಾರಿಸಿ ತೋರಿಸಬೇಕು. ಆಮೇಲೆ ಅವರು ಹೂಂ ಎನ್ನುತ್ತಾರೋ ಊಹೂಂ ಎನ್ನುತ್ತಾರೋ ನೋಡೋಣ. ಊಹೂಂ ಎಂದರೆ ನಾನು ಅಂಗಡಿ ನೋಡಿಕೊಳ್ಳುವುದು, ಬಂದಿರುವ ಸಂಬಂಧಗಳಲ್ಲಿ ಒಂದನ್ನು ಒಪ್ಪುವುದು. ಅಪ್ಪನ ಒಪ್ಪಿಗೆ ಇಲ್ಲದೆ ಓಡಿಹೋಗಿ ಓದುವ ಹುಡುಗಿ ನಾನಲ್ಲ. ಜಗಳ ಆಡಬಲ್ಲೆ, ಬಿಟ್ಟು ಹೋಗಲಾರೆ. ಹಾಗಾಗಿ ಆ ಒಂದು ಹಾರಾಟದ ಮೇಲೆ ನನ್ನದೆಲ್ಲ ನಿಂತಿತ್ತು.

ಮೋಡದ ವಿಷಯದಲ್ಲಿ ನನಗೆ ಧೈರ್ಯವಿತ್ತು, ಏಕೆಂದರೆ ಅಷ್ಟು ಹೊತ್ತಿಗೆ ನಾನು ಮಹಡಿಯ ಮೇಲೆ ನನ್ನದೇ ಒಂದು ವಿದ್ಯೆ ಕಲಿತಿದ್ದೆ. ನಮ್ಮ ಮನೆಯ ಮೇಲೆ ನಿಂತರೆ ಕನಕಪುರ ರಸ್ತೆಯ ಕಡೆ ಎದ್ದು ನಿಲ್ಲುತ್ತಿದ್ದ ಅಪಾರ್ಟ್‌ಮೆಂಟುಗಳು ಕಾಣುತ್ತಿದ್ದವು, ನೆತ್ತಿಯ ಮೇಲೆ ಕ್ರೇನು ಹೊತ್ತುಕೊಂಡು. ಬೆಳಿಗ್ಗೆ ಟ್ಯಾಂಕ್ ತುಂಬಿತೇ ಎಂದು ನೋಡಲು ಅಜ್ಜಿ ನನ್ನನ್ನು ಮೇಲೆ ಅಟ್ಟುತ್ತಿದ್ದಳು. ಆಷಾಢ, ಶ್ರಾವಣದ ಕೆಲವು ಬೆಳಿಗ್ಗೆ ಆ ಕಟ್ಟಡಗಳ ತಲೆಯೇ ಇರುತ್ತಿರಲಿಲ್ಲ. ಒಂದು ಅಂತಸ್ತಿಗೆ ಎಷ್ಟು ಎತ್ತರ ಹಿಡಿಯಬೇಕು ಎಂದು ಅಪ್ಪನನ್ನು ಕೇಳಿದ್ದೆ. ಸ್ಲ್ಯಾಬಿನಿಂದ ಸ್ಲ್ಯಾಬಿಗೆ ಹತ್ತಡಿ ಹಿಡಿ, ತಪ್ಪಾಗಲ್ಲ ಎಂದಿದ್ದರು. ಅಂತಸ್ತು ಎಣಿಸಿ, ಹತ್ತರಿಂದ ಗುಣಿಸಿ, ಮೋಡ ಎಲ್ಲಿಗೆ ಇಳಿದಿದೆ ಎಂದು ಊಹಿಸಿ, ಆಮೇಲೆ ಫೋನಿನಲ್ಲಿ ವಿಮಾನ ನಿಲ್ದಾಣದ ಹವಾಮಾನ ವರದಿ ತೆಗೆದು ನೋಡುತ್ತಿದ್ದೆ. ಊರಿನ ಈ ತುದಿಗೂ ಆ ತುದಿಗೂ ಇರುವ ವ್ಯತ್ಯಾಸ ಕಳೆದರೆ ನನ್ನ ಲೆಕ್ಕ ಬಹಳ ಸಲ ಹೊಂದುತ್ತಿತ್ತು. ಕಟ್ಟಡಕ್ಕಿಂತ ಮೇಲಿರುವ ಮೋಡಕ್ಕೆ ಬೇರೆ ಉಪಾಯ. ಗಾಳಿ ಈಗ ಎಷ್ಟು ಬಿಸಿ ಇದೆ, ಎಷ್ಟಕ್ಕೆ ತಣಿದರೆ ಅದರಲ್ಲಿರುವ ನೀರು ಇಬ್ಬನಿಯಾಗುತ್ತದೆ, ಈ ಎರಡರ ನಡುವಿನ ಅಂತರ ನೋಡಬೇಕು. ಮಧ್ಯಾಹ್ನದ ಹತ್ತಿಮೋಡಕ್ಕೆ ಒಂದೊಂದು ಡಿಗ್ರಿ ಅಂತರಕ್ಕೂ ಸುಮಾರು ನಾನೂರು ಅಡಿ. ಅಂತರ ಕಡಿಮೆಯಾದಷ್ಟೂ ಮೋಡ ತಲೆಗೆ ಹತ್ತಿರ.

ಇಷ್ಟು ಪುಸ್ತಕದಲ್ಲೂ ಇದೆ. ಪುಸ್ತಕದಲ್ಲಿಲ್ಲದ್ದನ್ನು ಆ ಕ್ರೇನುಗಳು ಕಲಿಸಿದವು. ಬೆಳಗಿನ ತಗ್ಗು ಮೋಡ ಒಂದೇ ಏಟಿಗೆ ಮೇಲೆ ಏಳುವುದಿಲ್ಲ. ಬಿಸಿಲು ತಾಗಿ ಒಂದು ಕಡೆ ಕಿಂಡಿ ಬಿಡುತ್ತದೆ, ಕ್ರೇನಿನ ತುದಿ ಕಾಣುತ್ತದೆ, ಬಟ್ಟೆ ಒಣಗಿಸಬಹುದು ಎಂದು ಅಜ್ಜಿ ಬಕೆಟ್ ಎತ್ತಿಕೊಂಡು ಬರುತ್ತಾಳೆ, ಅಷ್ಟರಲ್ಲಿ ಕ್ರೇನು ಮತ್ತೆ ಮಾಯ. ಎಷ್ಟೋ ದಿನ ಹೀಗಾಗಿ ಅವಳು ನನ್ನನ್ನೇ ಬೈದಿದ್ದಾಳೆ, ಮೋಡ ನಾನೇ ಸಾಕಿದ ಹಾಗೆ. ಮೊದಲನೇ ಕಿಂಡಿಯನ್ನು ನಂಬಬಾರದು ಎನ್ನುವುದು ಅವಳ ಒದ್ದೆ ಬಟ್ಟೆಗಳ ನಡುವೆಯೇ ನನ್ನ ತಲೆಯಲ್ಲಿ ಕೂತಿತು.

ಅಪ್ಪನ ಹಾರಾಟಕ್ಕೆ ದಿನ ನೋಡಬೇಕು ಎಂದಾಗ ನಾನು ಹವಾಮಾನ ನೋಡುವುದು ಎಂದುಕೊಂಡೆ. ಅಜ್ಜಿ ಪಂಚಾಂಗ ನೋಡಿಸಿದಳು. ಆಷಾಢದಲ್ಲಿ ಬೇಡವೇ ಬೇಡ ಎಂದು ಮೊದಲೇ ಹೇಳಿಯಾಗಿತ್ತು. ಶ್ರಾವಣದ ಒಂದು ಶನಿವಾರ ಬೆಳಿಗ್ಗೆ ಎಂಟೂವರೆಯ ಒಳಗೆ ಅಪ್ಪನ ಜಾತಕಕ್ಕೆ ಪ್ರಶಸ್ತವಾಗಿದೆಯಂತೆ. ಒಂಬತ್ತರ ಮೇಲೆ ರಾಹುಕಾಲ. ವರ್ಷದಲ್ಲಿ ಬೆಳಗಿನ ಮೋಡ ನೆಲಕ್ಕೆ ಅತಿ ಹತ್ತಿರ ಇರುವ ದಿನಗಳನ್ನೂ ಗಂಟೆಯನ್ನೂ ಹುಡುಕಿ ಕೊಡಿ ಎಂದು ಕೇಳಿದ್ದರೂ ಪುರೋಹಿತರಿಗೆ ಇಷ್ಟು ಚೆನ್ನಾಗಿ ಹುಡುಕಲು ಆಗುತ್ತಿರಲಿಲ್ಲ. ಹತ್ತೂವರೆಯ ಮೇಲೆ ಇಟ್ಟುಕೊಳ್ಳೋಣ ಎಂದು ನಾನು ಬೇಡಿಕೊಂಡೆ. ಆ ಹೊತ್ತಿನ ವಿಮಾನದ ಸರದಿ ಆಗಲೇ ಬೇರೆಯವರಿಗೆ ಹೋಗಿತ್ತು, ಮತ್ತು ಅಜ್ಜಿಯ ಪಾಲಿಗೆ ಮುಹೂರ್ತ ಎಂದರೆ ಮುಹೂರ್ತ. ಆ ಹೊತ್ತು ತಪ್ಪಿದರೆ ಈ ಹುಡುಗಿಗೆ ಈ ವಿದ್ಯೆ ಕೂಡಿಬರುವುದಿಲ್ಲ ಎಂದು ದೇವರೇ ಹೇಳಿದ ಹಾಗೆ, ಆಮೇಲೆ ನನ್ನನ್ನು ಕೇಳಬೇಡಿ ಎಂದುಬಿಟ್ಟಳು. ಅಪ್ಪ ತಾಯಿಯ ಮಾತು ತೆಗೆದುಹಾಕುವವರಲ್ಲ. ಸರಿ ಎಂದರು.

ಆ ಶನಿವಾರ ಕತ್ತಲಿರುವಾಗಲೇ ಎದ್ದು ಮಹಡಿಗೆ ಹೋದೆ. ಕ್ರೇನಿನ ಕೆಂಪು ದೀಪ ಕಾಣಲಿಲ್ಲ. ಮನಸ್ಸು ಅಲ್ಲೇ ಸ್ವಲ್ಪ ಕುಸಿಯಿತು, ಯಾರಿಗೂ ಹೇಳಲಿಲ್ಲ. ಕೆಳಗೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಮೀಸೆ ಒಪ್ಪ ಮಾಡಿಕೊಂಡು ಹೆಣ್ಣು ನೋಡಲು ಹೊರಟವರ ಹಾಗೆ ನಿಂತಿದ್ದರು. ಅಜ್ಜಿಯ ಚೀಲದಲ್ಲಿ ತೆಂಗಿನಕಾಯಿ, ಕರ್ಪೂರ, ಕುಂಕುಮ, ನಾಲ್ಕು ನಿಂಬೆಹಣ್ಣು. ನಾಲ್ಕು ಯಾಕೆ ಎಂದರೆ ವಿಮಾನಕ್ಕೆ ಎಷ್ಟು ಚಕ್ರ ಎಂದು ಅವಳಿಗೆ ಖಚಿತವಿರಲಿಲ್ಲ. ಮೂರು ಎಂದು ನಾನು ಹೇಳಿದೆ. ಒಂದನ್ನು ತೆಗೆದಿಡಲಿಲ್ಲ, ಇರಲಿ ಎಂದಳು.

ನಿಂಬೆಹಣ್ಣು ವಿಮಾನದ ಚಕ್ರದವರೆಗೆ ಹೋಗಲೇ ಇಲ್ಲ. ವಿಮಾನ ನಿಲ್ಲುವ ಜಾಗದಲ್ಲಿ ಒಂದು ಹರಳು ಬಿದ್ದಿದ್ದರೂ ಹೆಕ್ಕಿ ಎಸೆಯಬೇಕು, ಅಲ್ಲಿ ಕಾಯಿ ಒಡೆಯುವುದೆಂದರೆ ನನ್ನ ಲೈಸೆನ್ಸನ್ನೇ ಒಡೆದ ಹಾಗೆ. ಗೇಟಿನ ಹತ್ತಿರ ಸಣ್ಣ ರಾಜಿ ನಡೆಯಿತು. ಅಜ್ಜಿ ಅಲ್ಲೇ ಕಾಯಿ ಒಡೆದು, ನಮ್ಮ ಕಾರಿನ ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು, ಅಪ್ಪನ ಕೈಯಲ್ಲಿ ಕಾರು ಹತ್ತಿಸಿ ಅಪ್ಪಚ್ಚಿ ಮಾಡಿಸಿ, ವಿಮಾನದ ಪಾಲಿನ ಪುಣ್ಯ ಇಲ್ಲಿಂದಲೇ ಹೋಗಲಿ ಎಂದಳು. ಕಾವಲಿನವನು ಒಂದು ಚೂರು ಕೊಬ್ಬರಿ ಪ್ರಸಾದ ತಿಂದು ನಮ್ಮನ್ನು ಒಳಗೆ ಬಿಟ್ಟ.

ನನ್ನ ಬೋಧಕರು ಮಾತು ಕಡಿಮೆಯ ಮನುಷ್ಯ. ಫೈಲಿನಿಂದ ತಲೆ ಎತ್ತದೆ, ಏಳುನೂರು ಅಡಿ, ಐದು ಪಾಲು ಎಂದರು. ಅಂದರೆ ಸೂರು ಏಳುನೂರು ಅಡಿಗೆ ಇಳಿದಿದೆ. ಬೇಕಾದದ್ದರ ಅರ್ಧವೂ ಇಲ್ಲ. ಕಾಯೋಣ ಎಂದೆ. ಕಾಯುವ ಹೊತ್ತಿನಲ್ಲಿ ಅಪ್ಪನನ್ನು ವಿಮಾನದಲ್ಲಿ ಕೂರಿಸಿ ಬೆಲ್ಟು ಹಾಕುವುದು ತೋರಿಸಿದೆ. ಅಪ್ಪ ಮುಂದಿನ ಮುಳ್ಳುಗಳನ್ನೆಲ್ಲ ಅಂಗಡಿಯ ತಕ್ಕಡಿ ನೋಡುವ ಗಮನದಿಂದ ನೋಡಿದರು. ಎತ್ತರ ತೋರಿಸುವ ಮುಳ್ಳು ಯಾವುದು ಎಂದು ಕೇಳಿ ತಿಳಿದುಕೊಂಡು ಸ್ವಲ್ಪ ಹೊತ್ತು ಅದನ್ನೇ ದಿಟ್ಟಿಸಿ, ಆಮೇಲೆ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು.

"ಇದು ಮೂರು ಸಾವಿರ ಅಡಿ ತೋರಿಸ್ತಿದೆ. ನಿಮ್ಮ ಸಾರು ಮೋಡ ಏಳುನೂರು ಅಡೀಲಿದೆ ಅಂದ್ರು. ನಾವು ಆಗ್ಲೇ ಮೋಡಕ್ಕಿಂತ ಮೇಲಿದೀವಲ್ಲೇ ಪುಟ್ಟಿ, ಇನ್ನೇನು ಕಾಯೋದು?"

ಬೆಂಗಳೂರಿನವರು ಮಾತ್ರ ಮಾಡಬಹುದಾದ ತಪ್ಪು ಇದು. ಸಮುದ್ರದ ದಡದ ಊರಿನಲ್ಲಿ ಯಾರಿಗೂ ಇದು ಹೊಳೆಯುವುದೇ ಇಲ್ಲ, ಅಲ್ಲಿ ನೆಲದ ಮೇಲೆ ಮುಳ್ಳು ಹೆಚ್ಚುಕಡಿಮೆ ಸೊನ್ನೆಯ ಹತ್ತಿರವೇ ಇರುತ್ತದೆ. ನಾವು ಮೂರು ಸಾವಿರ ಅಡಿ ಎತ್ತರದಲ್ಲಿ ಹುಟ್ಟಿ, ಸೈಟು ಕೊಂಡು, ಮನೆ ಕಟ್ಟಿ, ಇದೇ ನೆಲಮಟ್ಟ ಎಂದು ನಂಬಿಕೊಂಡು ಓಡಾಡುವ ಜನ. ವಿಮಾನದ ಮುಳ್ಳು ಸಮುದ್ರದಿಂದ ಲೆಕ್ಕ ಹಿಡಿಯುತ್ತದೆ, ಮೋಡದ ವರದಿ ನಾವು ನಿಂತ ನೆಲದಿಂದ ಹಿಡಿಯುತ್ತದೆ. ಮೋಡ ಇರುವುದು ಆ ಮುಳ್ಳಿನ ಪ್ರಕಾರ ಮೂರು ಸಾವಿರದ ಏಳುನೂರರಲ್ಲಿ ಎಂದು ಅಪ್ಪನಿಗೆ ಬಿಡಿಸಿ ಹೇಳಿದೆ. ಉತ್ತರಕ್ಕಿರುವ ನಂದಿ ಬೆಟ್ಟದ ತಲೆ ನಾಲ್ಕು ಸಾವಿರದ ಎಂಟುನೂರರ ಸುಮಾರು, ಅಂದರೆ ಬೆಟ್ಟದ ಮೇಲರ್ಧ ಈಗ ಮೋಡದೊಳಗಿದೆ, ಇದ್ದರೂ ನಮಗೆ ಕಾಣುವುದಿಲ್ಲ ಎಂದೂ ಹೇಳಿದೆ. ಅಪ್ಪ ಲೆಕ್ಕವನ್ನು ಒಪ್ಪಿದರು. ತಮ್ಮ ಜಾಣತನ ಉಪಯೋಗಕ್ಕೆ ಬರಲಿಲ್ಲವಲ್ಲ ಎಂದು ಸ್ವಲ್ಪ ಬೇಜಾರೂ ಮಾಡಿಕೊಂಡರು.

ಎಂಟು ದಾಟಿತು. ಅಜ್ಜಿ ಅಷ್ಟು ದೂರದಲ್ಲಿ ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದಳು. ಆಗ ಆಯಿತು. ನಮ್ಮ ತಲೆಯ ಮೇಲೆ ಸರಿಯಾಗಿ ಮೋಡ ಬಿರಿದು ನೀಲಿ ಕಾಣಿಸಿತು. ಬಿಸಿಲು ರೆಕ್ಕೆಯ ಮೇಲೆ ಬಿತ್ತು. ಅಜ್ಜಿ ಎದ್ದು ನಿಂತು ಎರಡೂ ಕೈ ಜೋಡಿಸಿದಳು. ಬೋಧಕರು ಹೊರಗೆ ಬಂದು ಹೊಸ ವರದಿ ಹೇಳಿದರು. ಏಳುನೂರು ಅಡಿಯ ಮೋಡ ಈಗ ನಾಲ್ಕೇ ಪಾಲು, ಅದರ ಮೇಲಿನ ಪದರ ಒಂದೂವರೆ ಸಾವಿರದ ಮೇಲಿದೆ. ಅಂದರೆ ಸೂರು ಎನ್ನುವುದು ಲೆಕ್ಕದ ಪ್ರಕಾರ ಮೇಲಕ್ಕೆ ಹೋಗಿದೆ. ನಿಯಮ ಅಡ್ಡ ಬರುವುದಿಲ್ಲ, ಹೋಗಬಹುದು, ಹೋಗದೆಯೂ ಇರಬಹುದು, ಈ ಹಾರಾಟದ ಮಟ್ಟಿಗೆ ವಿಮಾನದ ಯಜಮಾನಿ ನೀವು, ತೀರ್ಮಾನ ನಿಮ್ಮದು ಎಂದು ಹೇಳಿ ಪಕ್ಕಕ್ಕೆ ನಿಂತರು. ಅಷ್ಟು ಹೊತ್ತು ನನ್ನನ್ನು ಕಾಪಾಡುತ್ತಿದ್ದದ್ದು ನಿಯಮ. ಅದು ಸರಿದುಕೊಂಡ ಮೇಲೆ ನಾನೊಬ್ಬಳೇ ಉಳಿದೆ.

ನನಗೆ ಎಷ್ಟು ಆಸೆಯಾಯಿತು ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಆ ಕಿಂಡಿಯಲ್ಲಿ ಹೊಕ್ಕು ಮೇಲೆ ಹೋಗುವುದು ಎರಡು ನಿಮಿಷದ ಕೆಲಸ. ಮೇಲೆ ಬಿಸಿಲಿರುತ್ತದೆ, ಅಪ್ಪ ಬೆರಗಾಗುತ್ತಾರೆ, ಕೆಳಗಿಳಿದರೆ ನನ್ನ ಬದುಕು ನನ್ನದು. ಆದರೆ ಇಳಿಯುವುದು ಹೇಗೆ ಎನ್ನುವುದೇ ಪ್ರಶ್ನೆ. ನಾವು ಮೇಲಿರುವಾಗ ಕಿಂಡಿ ಮುಚ್ಚಿಕೊಂಡರೆ ಅಟ್ಟ ಹತ್ತಿದವರ ಏಣಿಯನ್ನು ಯಾರೋ ತೆಗೆದುಕೊಂಡು ಹೋದ ಹಾಗೆ. ಕೆಳಗೆ ಉದ್ದಕ್ಕೂ ಬಿಳಿ ಮೋಡ, ಅದರಡಿ ಎಲ್ಲೋ ರನ್‌ವೇ, ಎಲ್ಲೋ ಟವರು. ಮೋಡದೊಳಗೆ ಉಪಕರಣ ನೋಡಿಕೊಂಡು ಇಳಿಸುವ ವಿದ್ಯೆ ನನಗಿನ್ನೂ ಬಂದಿರಲಿಲ್ಲ, ಪಕ್ಕದಲ್ಲಿ ಕೂತವರಿಗೆ ಸಿಮೆಂಟಿನ ವ್ಯಾಪಾರ ಬಿಟ್ಟು ಬೇರೆ ಗೊತ್ತಿರಲಿಲ್ಲ. ಗಾಳಿಯ ಉಷ್ಣತೆಗೂ ಇಬ್ಬನಿಯ ಉಷ್ಣತೆಗೂ ಇದ್ದ ಅಂತರ ಆಗಲೂ ಒಂದೇ ಡಿಗ್ರಿ. ಗಾಳಿ ಒದ್ದೆಯಾಗಿಯೇ ಇತ್ತು. ನಾನು ನೋಡುತ್ತಿದ್ದದ್ದು ಮೊದಲನೇ ಕಿಂಡಿ.

ಅಪ್ಪ ಕಿಟಕಿಯಿಂದ ಮೇಲೆ ನೋಡಿ, ದೇವರೇ ದಾರಿ ಬಿಟ್ಟಿದಾನೆ, ಹೊರಡು ಎಂದರು. ಅಜ್ಜಿ ಬೆಂಚಿನಿಂದಲೇ ಕೈಯಾಡಿಸಿ ಹೊತ್ತಾಯಿತು ಎಂದು ಸನ್ನೆ ಮಾಡಿದಳು. ಈ ಇಬ್ಬರಿಗೂ ನಾನು ಜೀವನದಲ್ಲಿ ನೂರಾರು ಸಲ ಎದುರು ಮಾತಾಡಿದ್ದೇನೆ, ಆದರೆ ಇಬ್ಬರೂ ಒಟ್ಟಿಗೆ ಹೂಂ ಎಂದಿದ್ದಕ್ಕೆ ಊಹೂಂ ಎಂದದ್ದಿಲ್ಲ. ಬೆಲ್ಟು ಬಿಚ್ಚಿದೆ.

"ಇವತ್ತು ಹೋಗಲ್ಲ ಅಪ್ಪ. ಇಳಿ."

ಅಪ್ಪನಿಗೆ ಅರ್ಥವಾಗಲಿಲ್ಲ. ಮೋಡ ಬಿಟ್ಟಿದೆಯಲ್ಲ, ನಿಮ್ಮ ಸಾರೇ ಹೋಗಬಹುದು ಅಂದರಲ್ಲ ಎಂದರು. ಹೋಗಬಹುದು, ವಾಪಸ್ ಬರುತ್ತೇನೆ ಎಂದು ನನಗೆ ಖಾತ್ರಿ ಇಲ್ಲ ಎಂದೆ. ಮುಹೂರ್ತ ಮುಗಿಯುತ್ತಿದೆ, ಗೊತ್ತಲ್ಲ ಎಂದು ಕೇಳಿದರು. ಗೊತ್ತು ಎಂದೆ. ಆಮೇಲೆ ನನ್ನನ್ನು ಏನೂ ಕೇಳಬಾರದು ಎಂದರು. ಕೇಳಲ್ಲ ಎಂದೆ. ಅಪ್ಪನ ಮುಖ ಕೆಂಪಾಯಿತು. ಬೆಲ್ಟು ಬಿಚ್ಚಲು ಬಾರದೆ ಒದ್ದಾಡಿದರು, ನಾನು ಬಿಚ್ಚಿಕೊಡಲು ಹೋದರೆ ಕೈ ತಳ್ಳಿ, ತಾವೇ ಬಿಚ್ಚಿಕೊಂಡು ಇಳಿದು, ಹಿಂದೆ ನೋಡದೆ ಕಾರಿನ ಕಡೆಗೆ ಹೋದರು.

ಈಗ ಸುಳ್ಳು ಹೇಳಲಾರೆ. ಕಿಂಡಿ ಮುಚ್ಚಲಿಲ್ಲ. ನಾನು ವಿಮಾನಕ್ಕೆ ಹೊದಿಕೆ ಹಾಕಿ, ಸಹಿ ಮಾಡಿ, ಹೊರಗೆ ಬರುವವರೆಗೂ ಆ ನೀಲಿ ಅಲ್ಲೇ ಇತ್ತು, ಇನ್ನಷ್ಟು ಅಗಲವಾಗುತ್ತಾ ಹೋಯಿತು. ಒಂಬತ್ತರ ಹೊತ್ತಿಗೆ ಆಕಾಶ ಹಬ್ಬಕ್ಕೆ ತೊಳೆದಿಟ್ಟ ಹಾಗಿತ್ತು. ಆಗ ನೆಮ್ಮದಿಯಾಗಿ ಹಾರಬಹುದಿತ್ತು, ಆದರೆ ಆಗ ರಾಹುಕಾಲ, ಮತ್ತು ವಿಮಾನದ ಹತ್ತಿರ ಮುಂದಿನ ಸರದಿಯವರು ಬಂದು ನಿಂತಿದ್ದರು. ಹೋಗಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಯಾರಾದರೂ ಹೇಳಬಹುದು. ಹೇಳಲಿ. ನನ್ನ ತೀರ್ಮಾನ ಆವತ್ತೂ ಸರಿ, ಇವತ್ತೂ ಸರಿ. ಮೋಡ ಆಮೇಲೆ ಏನು ಮಾಡಿತು ಎನ್ನುವುದು ಮೊದಲೇ ಗೊತ್ತಿರುವ ಪೈಲಟ್ ಇನ್ನೂ ಹುಟ್ಟಿಲ್ಲ. ಆದರೂ ಆ ನೀಲಿಯ ಕೆಳಗೆ ಕಾರಿನವರೆಗೆ ನಡೆದುಕೊಂಡು ಹೋಗುವಾಗ ನನಗೆ ಆದ ಅವಮಾನ ಸಣ್ಣದಲ್ಲ. ಕಣ್ಣು ತುಂಬಿಬಂದಿತ್ತು. ಎಲ್ಲ ಕೈ ಬಿಟ್ಟುಹೋಯಿತು ಎಂದೇ ಅಂದುಕೊಂಡೆ.

ಊರಿನ ಆ ತುದಿಯಿಂದ ಈ ತುದಿಗೆ ಬರುವ ದಾರಿ ಯಾವತ್ತೂ ಉದ್ದವೇ, ಆವತ್ತು ಮುಗಿಯಲೇ ಇಲ್ಲ. ಅಜ್ಜಿ ಹಿಂದಿನ ಸೀಟಿನಲ್ಲಿ ಒಬ್ಬಳೇ ಮಾತಾಡಿಕೊಳ್ಳುತ್ತಿದ್ದಳು. ಯಾರ ಕಣ್ಣು ಬಿತ್ತು, ಯಾವ ದೇವರಿಗೆ ಹರಕೆ ಬಾಕಿ ಇದೆ ಎಂದು ಹುಡುಕುತ್ತಿದ್ದಳು. ಒಂದು ಸಲ ನನ್ನ ಬೆನ್ನಿಗೆ ಬೆರಳಿನಿಂದ ತಿವಿದು, ಇಷ್ಟು ಪುಕ್ಕಲಿಯಾಗಿದ್ದರೆ ಈ ವಿದ್ಯೆಗೆ ಯಾಕೆ ಹೋದೆ ಎಂದು ಕೇಳಿದಳು. ಬೇರೆ ದಿನವಾಗಿದ್ದರೆ ಜಗಳವಾಗುತ್ತಿತ್ತು. ಅಪ್ಪ ಸ್ಟೇರಿಂಗ್ ಹಿಡಿದು ನೆಟ್ಟಗೆ ನೋಡುತ್ತಿದ್ದರು. ಸಿಗ್ನಲ್ಲುಗಳಲ್ಲಿ ನಿಂತಾಗ ಮಾತ್ರ ಮುಂದೆ ಬಾಗಿ ಗಾಜಿನ ಮೂಲಕ ಆಕಾಶ ನೋಡಿ, ಮತ್ತೆ ಹಿಂದಕ್ಕೆ ಒರಗುತ್ತಿದ್ದರು.

ಜಯನಗರಕ್ಕೆ ಬಂದಾಗ ಅಪ್ಪ ಕಾರು ನಿಲ್ಲಿಸಿದರು. ಹಾರಾಟಕ್ಕೆ ಮುಂಚೆ ಹೊಟ್ಟೆ ಖಾಲಿ ಇರಲಿ ಎಂದು ನಾವ್ಯಾರೂ ತಿಂದಿರಲಿಲ್ಲ. ನಿಂತು ತಿನ್ನುವ ಹೋಟೆಲು, ಶನಿವಾರದ ನೂಕುನುಗ್ಗಲು. ಅಜ್ಜಿಗೆ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. ಶ್ರಾವಣ ಶನಿವಾರ, ಅವಳಿಗೆ ಒಪ್ಪತ್ತು, ಹಾಲು ಮಾತ್ರ ಕುಡಿದಳು. ಅಪ್ಪ ಎರಡು ಪ್ಲೇಟ್ ಇಡ್ಲಿ ವಡೆ ತಂದು ನನ್ನ ಮುಂದೆ ಒಂದನ್ನು ಇಟ್ಟರು. ತಮ್ಮ ಪಾಲಿನ ಇಡ್ಲಿ ತಿಂದು ಮುಗಿಸಿದರು. ವಡೆಯನ್ನು ಚಟ್ನಿಯಲ್ಲಿ ಅದ್ದಿ ಹಾಗೇ ಬಿಟ್ಟು, ಆ ಗಲಾಟೆಯಲ್ಲಿ ನನಗೆ ಮಾತ್ರ ಕೇಳುವ ಹಾಗೆ ಅಂದರು.

"ಅರ್ಜಿ ಹಾಕು."

ಯಾವುದಕ್ಕೆ ಎಂದು ಕೇಳಿದೆ, ನಿಜವಾಗಿ ಹೊಳೆಯದೆ. ಅದೇ ನಿನ್ನ ದೊಡ್ಡ ಲೈಸೆನ್ಸಿಗೆ ಎಂದರು. ಆದರೆ ನಾನು ಹಾರಿಸಿ ತೋರಿಸಲೇ ಇಲ್ಲವಲ್ಲ, ಮುಹೂರ್ತವೂ ಹೋಯಿತಲ್ಲ ಎಂದೆ. ಅಪ್ಪ ಅಜ್ಜಿಯ ಕಡೆ ಒಂದು ಸಲ ನೋಡಿ, ಅವಳಿಗೆ ಆಮೇಲೆ ಹೇಳಿದರಾಯಿತು ಎನ್ನುವ ಹಾಗೆ ತಲೆಯಾಡಿಸಿದರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ದನಿಯಲ್ಲಿ ಗೊತ್ತಾಗುತ್ತಿತ್ತು.

"ಮುಹೂರ್ತ ಮೀರತ್ತೆ ಅಂತ ಸುರಿಯೋ ಮಳೇಲೇ ಆರ್‌ಸಿಸಿ ಹಾಕ್ಸೋ ಓನರ್‌ಗಳನ್ನ ದಿನಾ ನೋಡ್ತೀನಿ. ಇವತ್ತು ಬೇಡ ಸಾರ್ ಅನ್ನೋ ಮೇಸ್ತ್ರಿ ಸಿಗಲ್ಲ. ಎಲ್ಲಾ ಹೂಂ ಅಂತ ಹಾಕ್ಬಿಡ್ತಾರೆ, ಆಮೇಲೆ ಸೂರು ಸೋರತ್ತೆ. ನೀನೂ ನನಗೆ ಹೆದರಿ ಹೂಂ ಅಂತ ಎತ್ತಿಬಿಟ್ಟಿದ್ರೆ?" ವಡೆಯನ್ನು ಚಟ್ನಿಯಿಂದ ಎತ್ತಿ ಮುರಿದರು. "ನಾಳೆ ನಿನ್ನ ಹಿಂದೆ ನೂರಾರು ಜನ ಕೂತಿರ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಮುಹೂರ್ತ ಇರತ್ತೆ. ಹೆತ್ತ ಅಪ್ಪನಿಗೇ ಆಗಲ್ಲ ಅಂದೋಳಿಗೆ ಅವರೆಲ್ಲ ಯಾವ ಲೆಕ್ಕ?"

ಹಾಗೆಂದು ಕಾಫಿ ತರಲು ಕೌಂಟರಿನ ಕಡೆ ಹೋದರು. ನಾನು ಅಷ್ಟು ಜನರ ನಡುವೆ, ಇಡ್ಲಿ ತಟ್ಟೆಯ ಮುಂದೆ ನಿಂತುಕೊಂಡೇ ಅತ್ತುಬಿಟ್ಟೆ.